52 ಕೆ.ಜಿ.ಯ ನಾನು 84 ಕೆ.ಜಿ.ಯ ಗಂಡನನ್ನು ಹಗ್ಗದಲ್ಲಿ ಹಿಡಿಯಬಲ್ಲೆನೇ?

ಪ್ರಶ್ನೆ: ನನಗೆ 41 ವರ್ಷ. ನಾನೂ ನನ್ನ ಯಜಮಾನರೂ ಮುಂದಿನ ತಿಂಗಳು ಆರಂಭಿಕರಿಗೆಂದೇ ನಡೆಯುವ ಎರಡು ದಿನದ ರಾಕ್ ಕ್ಲೈಂಬಿಂಗ್ ಶಿಬಿರಕ್ಕೆ ಹೆಸರು ಕೊಟ್ಟಿದ್ದೇವೆ. ಮಾರ್ಗದರ್ಶಕರು ಜೊತೆಗಿರುತ್ತಾರೆ. ಆದರೂ ದಿನ ಹತ್ತಿರ ಬಂದಂತೆ ಅಳುಕು ಹೆಚ್ಚುತ್ತಿದೆ. ನನಗೆ ಒಂದೇ ಒಂದು ಪುಲ್‌ಅಪ್ ಮಾಡಲು ಬರುವುದಿಲ್ಲ. ಮೂರನೇ ಮಹಡಿಯಿಂದ ಬಗ್ಗಿ ನೋಡಿದರೆ ಕಾಲು ನಡುಗುತ್ತದೆ. ಒಬ್ಬರು ಹತ್ತುವಾಗ ಇನ್ನೊಬ್ಬರು ಕೆಳಗೆ ನಿಂತು ಹಗ್ಗ ಹಿಡಿಯಬೇಕಂತೆ. ನನ್ನ ತೂಕ 52 ಕೆ.ಜಿ., ಅವರದು 84. ಅವರು ಜಾರಿದರೆ ನನ್ನಿಂದ ಹಿಡಿಯಲಾಗುತ್ತದೆಯೇ? ಹಗ್ಗವೇ ತುಂಡಾದರೆ? ಶಿಬಿರ ಮುಗಿದ ಮೇಲೆ ನಾವಿಬ್ಬರೇ ಹೋಗಿ ಹತ್ತಬಹುದು ಎಂದು ಅವರು ಈಗಲೇ ಹಗ್ಗ ಕೊಳ್ಳುವ ಮಾತಾಡುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ಪುಲ್‌ಅಪ್ ಮತ್ತು ಹಗ್ಗ ತುಂಡಾಗುವ ಚಿಂತೆ, ಇವೆರಡನ್ನೂ ಪಕ್ಕಕ್ಕಿಡಿ. ಎತ್ತರದ ಅಳುಕನ್ನು ನಿಭಾಯಿಸುವ ದಾರಿ ಇದೆ. ತೂಕದ ವ್ಯತ್ಯಾಸ ಮಾತ್ರ ನೀವು ಕೇಳಲೇಬೇಕಾಗಿದ್ದ ಪ್ರಶ್ನೆ. ಅದಕ್ಕೂ ಪರಿಹಾರ ಇದೆ, ಆದರೆ ಅದು ತಾನಾಗಿ ಸಿಗುತ್ತದೆ ಎಂದು ಕೂರಬೇಡಿ, ಬಾಯಿಬಿಟ್ಟು ಕೇಳಿ ಪಡೆಯಿರಿ. ಇಬ್ಬರೇ ಹೋಗುವ ವಿಚಾರಕ್ಕೆ ನನ್ನ ಉತ್ತರ: ಸದ್ಯಕ್ಕೆ ಬೇಡ.

ಮೊದಲು ಹಗ್ಗ. ಆರಂಭಿಕರ ಶಿಬಿರಗಳಲ್ಲಿ ಹತ್ತಿಸುವುದು ಟಾಪ್ ರೋಪ್ ವಿಧಾನದಲ್ಲಿ. ಹಗ್ಗ ನಿಮ್ಮ ಸೊಂಟದಿಂದ ಮೇಲೆ ಹೋಗಿ, ಬಂಡೆಯ ನೆತ್ತಿಯಲ್ಲಿ ಕಟ್ಟಿದ ಆಂಕರ್‌ನ (ಹಗ್ಗದ ಭಾರ ಹೊರುವ ಗಟ್ಟಿ ಆಧಾರ) ಕ್ಯಾರಬೀನರ್‌ಗಳ (ತೆರೆದು ಮುಚ್ಚುವ ಲೋಹದ ಕೊಂಡಿ) ಮೂಲಕ ಹಾದು, ಕೆಳಗೆ ನಿಂತು ಬಿಲೇ ಮಾಡುವವರ, ಅಂದರೆ ಹಗ್ಗ ಹಿಡಿದು ಕಾಯುವವರ, ಕೈಗೆ ಬರುತ್ತದೆ. ಹಗ್ಗ ಸದಾ ನಿಮ್ಮ ತಲೆಯ ಮೇಲಿರುವುದರಿಂದ ಜಾರಿದರೂ ದೂರ ಬೀಳುವುದಿಲ್ಲ, ಅಲ್ಲೇ ತೂಗುತ್ತೀರಿ. ಇಂಥ ಕಡೆ ಬಳಸುವ 9.5ರಿಂದ 10.5 ಮಿ.ಮೀ. ದಪ್ಪದ ಡೈನಮಿಕ್ (ಹಿಗ್ಗುವ) ಹಗ್ಗವನ್ನು ಪ್ರಯೋಗಾಲಯದಲ್ಲಿ 80 ಕೆ.ಜಿ. ಭಾರ ಕಟ್ಟಿ, ಬಂಡೆಯ ಮೇಲೆ ಅಪರೂಪಕ್ಕೆ ಎದುರಾಗುವಷ್ಟು ತೀವ್ರವಾಗಿ ಬೀಳಿಸಿ ಪರೀಕ್ಷಿಸುತ್ತಾರೆ. ಹಾಗೆ ಕನಿಷ್ಠ ಐದು ಸಲ ಬಿದ್ದರೂ ತುಂಡಾಗದಿದ್ದರೆ ಮಾತ್ರ ಅದಕ್ಕೆ ಪ್ರಮಾಣಪತ್ರ. ಟಾಪ್ ರೋಪ್‌ನಲ್ಲಿ ಬೀಳುವ ಹೊರೆ ಇದರ ಹತ್ತಿರಕ್ಕೂ ಬರುವುದಿಲ್ಲ.

ಹಗ್ಗಕ್ಕೆ ಅಪಾಯ ಬರುವ ದಾರಿಗಳೇ ಬೇರೆ. ಬಂಡೆಯ ಚೂಪು ಅಂಚಿಗೆ ಉಜ್ಜಿಕೊಂಡರೆ ಕತ್ತರಿಸುತ್ತದೆ. ಬ್ಯಾಟರಿ ಆ್ಯಸಿಡ್ ತಾಗಿದರೆ ಮೇಲೆ ಏನೂ ಕಾಣದೆ ಒಳಗೇ ನಾಶವಾಗುತ್ತದೆ. ಆದ್ದರಿಂದಲೇ ಕ್ಲೈಂಬಿಂಗ್ ಹಗ್ಗವನ್ನು ಕಾರಿನ ಡಿಕ್ಕಿಯಲ್ಲಿ ಹಾಗೇ ಎಸೆಯಬಾರದು. ಮೂರನೆಯದು ಕರಗುವುದು: ಹಗ್ಗವನ್ನು ನೇರವಾಗಿ ನೈಲಾನ್ ಪಟ್ಟಿಯೊಳಗೆ ತೂರಿಸಿ ಯಾರನ್ನಾದರೂ ಇಳಿಸಿದರೆ, ಒಂದೇ ಜಾಗದ ಉಜ್ಜುವಿಕೆಯ ಬಿಸಿಗೆ ಪಟ್ಟಿ ಕರಗಿ ತುಂಡಾಗುತ್ತದೆ. ಮೇಲೆ ಹಗ್ಗ ಹಾಯುವುದು ಲೋಹದ ಮೂಲಕವೇ ಆಗಿರಬೇಕು. ಶಿಬಿರದಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಹೊಣೆ ಮಾರ್ಗದರ್ಶಕರದು. ನಿಮ್ಮ ಪಾಲಿನದು ಸರಳ: ಹಗ್ಗ ತುಳಿಯಬೇಡಿ. ತುಳಿದರೆ ಮಣ್ಣಿನ ಹರಳು ನೂಲಿನೊಳಗೆ ಸೇರುತ್ತದೆ.

ಹಗ್ಗದ ಬಗ್ಗೆ ಯಾರೂ ಕೇಳದ, ಆದರೆ ಕೇಳಬೇಕಾದ ಸಂಗತಿ ಅದರ ಹಿಗ್ಗುವಿಕೆ. ಡೈನಮಿಕ್ ಹಗ್ಗ ಹಿಗ್ಗುವುದಕ್ಕೆಂದೇ ಮಾಡಿದ್ದು. ಸುಮ್ಮನೆ 80 ಕೆ.ಜಿ. ತೂಗಿದರೂ ನೂರಕ್ಕೆ ಹತ್ತರವರೆಗೆ ಹಿಗ್ಗಲು ಮಾನದಂಡವೇ ಅನುಮತಿಸುತ್ತದೆ. 20 ಮೀಟರ್ ಎತ್ತರದ ಬಂಡೆಯ ಬುಡದಲ್ಲಿ ಹತ್ತಲು ಹೊರಟಾಗ ನಿಮ್ಮಿಬ್ಬರ ನಡುವೆ ಸುಮಾರು 40 ಮೀಟರ್ ಹಗ್ಗ ಇರುತ್ತದೆ. ಅದು ಎರಡು ಮೀಟರ್ ಹಿಗ್ಗಿದರೂ, ನೆಲದಿಂದ ಎರಡು ಮೀಟರ್ ಮೇಲೆ ಜಾರಿದವರ ಕಾಲು ನೆಲಕ್ಕೆ ಬಡಿಯುತ್ತದೆ. ಟಾಪ್ ರೋಪ್‌ನಲ್ಲಿ ಹಿಮ್ಮಡಿ, ಕಣಕಾಲು ನೋಯಿಸಿಕೊಳ್ಳುವವರು ಬಹುತೇಕ ಈ ಮೊದಲ ಕೆಲವು ಮೀಟರ್‌ಗಳಲ್ಲೇ. ಹತ್ತುವವರು ಹೆಜ್ಜೆ ಎತ್ತುವ ಮೊದಲೇ ಬಿಲೇ ಮಾಡುವವರು ಹಗ್ಗವನ್ನು ಸೊಂಟ ಎಳೆದ ಹಾಗಾಗುವಷ್ಟು ಬಿಗಿ ಮಾಡಬೇಕು. ಮೇಲೆ ಹೋದಂತೆ ತುಸು ಸಡಿಲಿಸಬಹುದು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಕೆಳಗೆ, ತುದಿಯಲ್ಲಲ್ಲ.

ಇನ್ನು ಕೈ ಬಲ. ಆರಂಭಿಕರಿಗೆ ಆಯುವ ಬಂಡೆಗಳು ಸಾಮಾನ್ಯವಾಗಿ ನೆಟ್ಟಗಿರುವುದಿಲ್ಲ, ಹತ್ತುವವರಿಂದ ಆಚೆಗೆ, ಇಳಿಜಾರಾಗಿ ವಾಲಿರುತ್ತವೆ. ಅಲ್ಲಿ ದೇಹದ ಭಾರ ಹೊರುವುದು ಕಾಲು. ಏಣಿ ಹತ್ತುವಾಗ ಯಾರೂ ಕೈಯಿಂದ ಮೈ ಎತ್ತಿಕೊಳ್ಳುವುದಿಲ್ಲ, ಕಾಲಿನಿಂದ ಏರಿ ಕೈಯಿಂದ ಸಮತೋಲ ನೋಡಿಕೊಳ್ಳುತ್ತೇವೆ. ಇಲ್ಲೂ ಅಷ್ಟೇ. ಪುಲ್‌ಅಪ್ ಚೆನ್ನಾಗಿ ಮಾಡುವ ಗಟ್ಟಿಗರೇ ಮೊದಲ ದಿನ ಬೇಗ ಸುಸ್ತಾಗುವುದನ್ನು ತರಬೇತಿಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ತೋಳಿನಲ್ಲಿ ಬಲ ಇದೆಯೆಂದು ಕಾಲಿಗೆ ಕೆಲಸವನ್ನೇ ಕೊಡುವುದಿಲ್ಲ.

ಹಾಗೆ ಸುಸ್ತಾಗುವುದಕ್ಕೆ ಕಾರಣ ಇದೆ. ಬೆರಳು ಬಿಗಿಹಿಡಿದಷ್ಟು ಹೊತ್ತೂ ಮುಂದೋಳಿನ ಸ್ನಾಯು ಬಿಗಿದೇ ಇರುತ್ತದೆ, ತನಗೆ ರಕ್ತ ತರುವ ನಾಳಗಳನ್ನು ತಾನೇ ಅದುಮುತ್ತದೆ. ಮುಂದೋಳು ಕಲ್ಲಿನಂತೆ ಊದಿ, ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಹಿಡಿತ ಬೇಕಾದಷ್ಟೇ ಇರಲಿ. ನಿಂತಾಗ ತೋಳು ನೇರವಾಗಿರಲಿ. ಮಡಚಿದ ತೋಳಿಗೆ ಬೇಗ ದಣಿವು. ಕಾಲಿಗೆ ಒಳ್ಳೆಯ ನೆಲೆ ಸಿಕ್ಕಾಗಲೆಲ್ಲ ಒಂದು ಕೈ ಕೆಳಗೆ ಬಿಟ್ಟು ಕೊಡವಿ, ಆಮೇಲೆ ಇನ್ನೊಂದು. ಕಾಲಿಡುವಾಗ ಪಾದದ ನಡುಭಾಗ ಬೇಡ, ಹೆಬ್ಬೆರಳಿನ ಒಳಬದಿ ಇಡಿ, ಇಟ್ಟು ಭಾರ ಕೂರುವವರೆಗೂ ಕಣ್ಣು ಅಲ್ಲಿಂದ ತೆಗೆಯಬೇಡಿ. ಮೆಟ್ಟಿಲೇ ಇಲ್ಲದ ನುಣುಪು ಇಳಿಜಾರಿನಲ್ಲಿ ಹಿಮ್ಮಡಿ ತಗ್ಗಿಸಿ ಶೂವಿನ ಮುಂಭಾಗದ ರಬ್ಬರನ್ನು ಬಂಡೆಗೆ ಅಗಲವಾಗಿ ಒತ್ತಬೇಕು. ಸೊಂಟ ಕಾಲಿನ ಮೇಲೆ ಇರಬೇಕು. ಭಯಕ್ಕೆ ಬಂಡೆಯನ್ನು ತಬ್ಬಿಕೊಂಡರೆ ಭಾರ ಕಾಲಿನಿಂದ ತಪ್ಪಿ, ಹಿಡಿಯುತ್ತಿದ್ದ ರಬ್ಬರೂ ಜಾರುತ್ತದೆ.

ಉಳಿದ ವಾರಗಳಲ್ಲಿ ಬೆರಳಿಗೆ ಬಲ ಬರಿಸುವ ಸಾಹಸಕ್ಕೆ ಹೋಗಬೇಡಿ. ಬೆರಳಿನ ಸ್ನಾಯುರಜ್ಜುಗಳು ಸ್ನಾಯುವಿಗಿಂತ ತುಂಬ ನಿಧಾನವಾಗಿ ಗಟ್ಟಿಯಾಗುತ್ತವೆ, ಅವಸರ ಮಾಡಿದರೆ ನೋವೇ ಫಲ. ಮಂಡಿ ಎತ್ತರದ ಮೆಟ್ಟಿಲನ್ನು ಒಂದೊಂದೇ ಕಾಲಿನಲ್ಲಿ ಹತ್ತಿಳಿಯುವುದು, ಒಂಟಿಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದು, ಇಷ್ಟು ಸಾಕು. ಹಿಂದೆಂದಾದರೂ ಭುಜ ಜಾರಿದ್ದರೆ, ಮೂರ್ಛೆ, ಹೃದಯ ಅಥವಾ ರಕ್ತದೊತ್ತಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ, ಮಾರ್ಗದರ್ಶಕರಿಗೂ ತಿಳಿಸಿ. ಉಗುರು ಕತ್ತರಿಸಿ. ಉಂಗುರ, ಬಳೆ, ಸರ ತೆಗೆದಿಡಿ. ಬಂಡೆಯ ಸೀಳಿನಲ್ಲಿ ಉಂಗುರ ಸಿಕ್ಕಿಕೊಂಡು ಜಾರಿದರೆ ಬೆರಳಿನ ಚರ್ಮವೇ ಕಿತ್ತುಬರಬಹುದು. ಕೂದಲು ಗಟ್ಟಿಯಾಗಿ ಕಟ್ಟಿ ಒಳಗೆ ಸೇರಿಸಿ.

ಎತ್ತರದ ಅಳುಕಿನ ವಿಷಯಕ್ಕೆ ಬರುತ್ತೇನೆ. ಬಾಲ್ಕನಿಯಲ್ಲಿ ಕಾಲು ನಡುಗುವುದು ನಿಮಗೆ ಕ್ಲೈಂಬಿಂಗ್ ಆಗದು ಎಂಬುದರ ಗುರುತಲ್ಲ. ಬಂಡೆಯ ಮೇಲೆ ನಡುಗುವ ಕಾಲಿಗೆ ಹೆದರಿಕೆಯ ಜೊತೆ ಇನ್ನೊಂದು ಕಾರಣವೂ ಇದೆ: ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತೇ ಇದ್ದರೆ ಮೀನಖಂಡ ದಣಿದು ತಾನಾಗಿ ಕುಣಿಯತೊಡಗುತ್ತದೆ. ಹಿಮ್ಮಡಿ ಕೆಳಗಿಳಿಸಿ, ಉಸಿರನ್ನು ಉದ್ದವಾಗಿ ಬಿಡಿ. ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ.

ಹಗ್ಗದ ಮೇಲೆ ನಂಬಿಕೆ ಬರುವುದು ಯಾರೋ ಹೇಳಿದ್ದರಿಂದಲ್ಲ, ಅದರ ಮೇಲೆ ಕೂತು ನೋಡಿದಾಗ. ಮೊದಲ ಸರದಿಯಲ್ಲಿ ತುದಿ ಮುಟ್ಟುವ ಹಟ ಬೇಡ. ಎರಡು ಮೂರು ಮೀಟರ್ ಹತ್ತಿ, ಹಗ್ಗ ಬಿಗಿ ಮಾಡಿಸಿಕೊಂಡು, ಎರಡೂ ಕೈ ಬಿಟ್ಟು ಹಾರ್ನೆಸ್‌ನಲ್ಲಿ (ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಪಟ್ಟಿಗಳು) ಕೂತುಬಿಡಿ. ಹಾಗೇ ಇಳಿಸಲು ಹೇಳಿ. ಮುಂದಿನ ಸಲ ಐದು ಮೀಟರ್‌ನಲ್ಲಿ ಅದನ್ನೇ ಮಾಡಿ. ಇಳಿಯುವಾಗ ಹಿಂದಕ್ಕೆ ಒರಗಿ, ಕಾಲು ಭುಜದಗಲ ತೆರೆದು ಪಾದ ಬಂಡೆಗೆ ಒತ್ತಿರಬೇಕು. ಹೆದರಿ ನೆಟ್ಟಗೆ ನಿಂತವರ ಕಾಲು ಜಾರಿ ಮಂಡಿ, ಮುಖ ಬಂಡೆಗೆ ಬಡಿಯುತ್ತದೆ. ಯಾರಾದರೂ "ಇನ್ನು ಸ್ವಲ್ಪ ಹತ್ತಿ, ಏನಾಗಲ್ಲ" ಎಂದು ಒತ್ತಾಯಿಸಿದರೆ ಇಳಿದು ಬನ್ನಿ, ಸಂಕೋಚ ಬೇಡ. ಭಯವನ್ನು ನುಂಗಿ ಹತ್ತಿದವರು ಮೇಲೆ ಹೋಗಿ ಹೆಪ್ಪುಗಟ್ಟುತ್ತಾರೆ.

ಈಗ ತೂಕ. ಯಜಮಾನರು ಹಗ್ಗದಲ್ಲಿ ತೂಗಿದಾಗ 84 ಕೆ.ಜಿ.ಯೂ ನಿಮ್ಮ ಮೇಲೆ ಬೀಳುವುದಿಲ್ಲ. ಹಗ್ಗ ಮೇಲಿನ ಕ್ಯಾರಬೀನರ್‌ನಲ್ಲಿ ಬಾಗಿ ತಿರುಗುವಾಗ ಉಜ್ಜುವಿಕೆ ಒಂದಷ್ಟನ್ನು ತಿಂದುಹಾಕುತ್ತದೆ. ಸ್ಥೂಲವಾಗಿ ಐದರಲ್ಲಿ ಮೂರು ಪಾಲು ನಿಮ್ಮ ಕಡೆ ಬರುತ್ತದೆ ಎಂದಿಟ್ಟುಕೊಂಡರೆ, 50 ಕೆ.ಜಿ. ಆಯಿತು. ನಿಮ್ಮ ತೂಕ 52. ಅಂದರೆ ಅವರು ಮೆಲ್ಲಗೆ ಕೂತರೆ ನೀವು ತುದಿಗಾಲಿಗೆ ಬರುತ್ತೀರಿ. ಹಗ್ಗದಲ್ಲಿ ಸಡಿಲ ಇದ್ದು ಅವರು ಥಟ್ಟನೆ ಜಾರಿದರೆ ನೀವು ನೆಲ ಬಿಟ್ಟು ಮೇಲೇಳುತ್ತೀರಿ. ಮೇಲೇಳುವುದರಿಂದಲೇ ಅನಾಹುತ ಆಗುವುದಿಲ್ಲ. ಬೆಚ್ಚಿಬಿದ್ದು ಬಂಡೆಗೆ ತಡೆಹಿಡಿಯಲು ಕೈ ಚಾಚುತ್ತಾರಲ್ಲ, ಆ ಕೈ ಹಗ್ಗ ಹಿಡಿದ ಕೈಯಾಗಿದ್ದರೆ ಆಗುತ್ತದೆ.

ದಾರಿಗಳು ಹೀಗಿವೆ. ಎಲ್ಲಕ್ಕಿಂತ ಸುಲಭದ್ದು, ಶಿಬಿರದಲ್ಲಿ ನಿಮ್ಮ ತೂಕದವರೊಂದಿಗೆ ಜೋಡಿಯಾಗುವುದು. ದಂಪತಿ ಎಂಬ ಕಾರಣಕ್ಕೆ ನಿಮ್ಮಿಬ್ಬರನ್ನೇ ಜೋಡಿ ಮಾಡಬೇಕಿಲ್ಲ. ಎರಡನೆಯದು ನೆಲದ ಆಂಕರ್: ನಿಮ್ಮ ಹಾರ್ನೆಸ್‌ನ ಬಿಲೇ ಲೂಪ್‌ನಿಂದ (ಮುಂಭಾಗದ ಗಟ್ಟಿ ಕುಣಿಕೆ) ಒಂದು ಪಟ್ಟಿಯನ್ನು ಹಿಂದೆ ಕೆಳಗಿರುವ ಮರದ ಬುಡಕ್ಕೋ ಅಲುಗದ ಬಂಡೆಗೋ ಕಟ್ಟುವುದು. ಪಟ್ಟಿ ಸಡಿಲ ಇರಬಾರದು. ಕಟ್ಟಿದ ಜಾಗ, ನೀವು, ಮೇಲಕ್ಕೆ ಹೋಗುವ ಹಗ್ಗ, ಮೂರೂ ಒಂದೇ ಗೆರೆಯಲ್ಲಿರಬೇಕು. ಪಕ್ಕಕ್ಕೆ ಕಟ್ಟಿದರೆ ಭಾರ ಬಿದ್ದಾಗ ನಿಮ್ಮನ್ನು ತಿರುಚಿ ಎಳೆಯುತ್ತದೆ. ಇದರ ತೊಡಕೆಂದರೆ, ಮೇಲಿನಿಂದ ಕಲ್ಲು ಬಂದಾಗ ಪಕ್ಕಕ್ಕೆ ಸರಿಯಲಾಗುವುದಿಲ್ಲ. ಹಾಗಾಗಿ ಕಲ್ಲು ಬೀಳುವ ಗೆರೆಯಿಂದ ಆಚೆಯೇ ಜಾಗ ಆರಿಸಬೇಕು, ಹೆಲ್ಮೆಟ್ ಕೆಳಗಿದ್ದವರ ತಲೆಯ ಮೇಲೂ ಇರಬೇಕು. ಮೂರನೆಯದು, ಮಾರ್ಗದರ್ಶಕರು ನಿಮ್ಮ ಪಕ್ಕದಲ್ಲೇ ನಿಂತು, ಬಿಲೇ ಸಾಧನದಿಂದ (ಹಗ್ಗವನ್ನು ಹಾಯಿಸಿ ತಡೆಯಲು ಹಾರ್ನೆಸ್‌ಗೆ ಸಿಕ್ಕಿಸುವ ಉಪಕರಣ) ಹೊರಬರುವ ಹಗ್ಗವನ್ನು ತಾವೂ ಹಿಡಿಯುವುದು. ಮೊದಲ ದಿನ ಎಲ್ಲ ಹೊಸಬರಿಗೂ ಇದು ಬೇಕು, ನಿಮಗಂತೂ ತಪ್ಪದೆ ಬೇಕು. ಯಾವ ದಾರಿ ಹಿಡಿದರೂ ಬಂಡೆಗೆ ಹತ್ತಿರ ನಿಲ್ಲಿ. ಮೂರ್ನಾಲ್ಕು ಮೀಟರ್ ಹಿಂದೆ ನಿಂತ ಹಗುರ ಮೈಯವರನ್ನು ಹಗ್ಗ ಬಂಡೆಯತ್ತ ಎಳೆದೊಯ್ಯುತ್ತದೆ.

ಗ್ರಿಗ್ರಿಯಂಥ, ಹಗ್ಗ ಥಟ್ಟನೆ ಎಳೆದಾಗ ಕಚ್ಚಿಹಿಡಿಯುವ ಸಾಧನ ಕೊಟ್ಟರೆ ನಿಮಗೆ ಒಳ್ಳೆಯದೇ. ಆದರೆ ಅದು ನಿಮ್ಮನ್ನು ನೆಲದಲ್ಲಿ ಹಿಡಿದಿಡುವುದಿಲ್ಲ. ಇಳಿಸುವಾಗ ಗಾಬರಿಯಾಗಿ ಹಿಡಿಕೆಯನ್ನು ಪೂರ್ತಿ ಎಳೆದು ಹಿಡಿದರೆ ಆ ಕಚ್ಚುವ ಗುಣವೂ ಹೋಗುತ್ತದೆ. ಹಗ್ಗ ಹಿಡಿದ ಕೈ ಇಲ್ಲೂ ಬಿಡುವಂತಿಲ್ಲ.

ಆ ಕೈಯ ಕೆಲಸವನ್ನು ಮನೆಯಲ್ಲೇ ಒಂದು ತುಂಡು ಹಗ್ಗದಲ್ಲಿ ಅಭ್ಯಾಸ ಮಾಡಬಹುದು. ಸಾಮಾನ್ಯ ಟ್ಯೂಬ್ ಸಾಧನದಲ್ಲಿ (ತಾನಾಗಿ ಕಚ್ಚಿಹಿಡಿಯದಂಥದ್ದು), ಬಲಗೈ ಬ್ರೇಕ್ ಎಂದುಕೊಳ್ಳಿ. ಹತ್ತುವವರು ಏರಿದಂತೆ ಎಡಗೈ ಅವರ ಕಡೆಯ ಹಗ್ಗವನ್ನು ಕೆಳಗೆಳೆಯುತ್ತದೆ, ಬಲಗೈ ಅದೇ ಹೊತ್ತಿಗೆ ತನ್ನ ಕಡೆಯದನ್ನು ಸಾಧನದಿಂದ ಹೊರಗೆಳೆಯುತ್ತದೆ. ತಡಮಾಡದೆ ಬಲಗೈ ಸೊಂಟದ ಪಕ್ಕಕ್ಕೆ ಇಳಿಯಬೇಕು. ಆಮೇಲೆ ಎಡಗೈ ಬಂದು ಬಲಗೈಯ ಕೆಳಗೆ ಹಗ್ಗ ಹಿಡಿಯುತ್ತದೆ. ಬಲಗೈ ಹಗ್ಗ ಬಿಡದೆ, ಬೆರಳು ಸುತ್ತುವರಿದಂತೆಯೇ ಸಾಧನದ ಹತ್ತಿರಕ್ಕೆ ಜಾರುತ್ತದೆ. ಎಡಗೈ ತನ್ನ ಜಾಗಕ್ಕೆ ಮರಳುತ್ತದೆ. ಹೊಸಬರ ಮುಖ್ಯ ತಪ್ಪು ಬಲಗೈಯನ್ನು ಎದೆಯ ಎತ್ತರದಲ್ಲೇ ಬಿಟ್ಟುಕೊಳ್ಳುವುದು. ಎರಡು ಎಳೆಯೂ ಒಂದೇ ದಿಕ್ಕಿಗೆ ಸಮವಾಗಿ ನಿಂತಾಗ ಟ್ಯೂಬ್ ಸಾಧನದಲ್ಲಿ ತಡೆಯೇ ಇರುವುದಿಲ್ಲ. ಬಲಗೈ ಕೆಳಗಿದ್ದು ಹಗ್ಗ ಸಾಧನದಲ್ಲಿ ತೀವ್ರವಾಗಿ ಬಾಗಿದಾಗ ಮಾತ್ರ, 84 ಕೆ.ಜಿ.ಯನ್ನು ಒಂದು ಮುಷ್ಟಿಯಲ್ಲಿ ಹಿಡಿಯಲು ಸಾಧ್ಯ. ಬಿಲೇಗೆ ತೋಳಿನ ಬಲ ಬೇಡ, ಈ ಕೋನ ಬೇಕು.

ಹತ್ತುವ ಮುನ್ನ ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷಿಸಬೇಕು. ಕಣ್ಣಷ್ಟೇ ಸಾಲದು, ಮುಟ್ಟಿ ನೋಡಿ. ಹಾರ್ನೆಸ್‌ನ ಸೊಂಟಪಟ್ಟಿ ಸೊಂಟದ ಮೂಳೆಗಿಂತ ಮೇಲಿದೆಯೇ, ಚಪ್ಪಟೆ ಅಂಗೈ ಒಳಹೋಗಿ ಮುಷ್ಟಿ ಹೊರಬರದಷ್ಟು ಬಿಗಿ ಇದೆಯೇ? ಫಿಗರ್ ಏಯ್ಟ್ (ಇಂಗ್ಲಿಷ್ 8ರ ಆಕಾರದ) ಗಂಟು ಹಾರ್ನೆಸ್‌ನ ಎರಡೂ ಕುಣಿಕೆಗಳ ಮೂಲಕ, ಅಂದರೆ ಕಾಲಿನ ಕಡೆಯದು ಮತ್ತು ಸೊಂಟದ ಕಡೆಯದು, ಹಾದಿರಬೇಕು. ಸಾಮಾನು ನೇತುಹಾಕುವ ಪಕ್ಕದ ಕುಣಿಕೆಗೆ ಎಂದಿಗೂ ಕಟ್ಟಬಾರದು, ಅದು ಮನುಷ್ಯನ ಭಾರ ತಾಳುವುದಿಲ್ಲ. ಸರಿಯಾದ ಗಂಟಿನಲ್ಲಿ ಜೋಡಿ ಎಳೆಗಳು ಐದು ಕಡೆ ಅಕ್ಕಪಕ್ಕ ಕಾಣುತ್ತವೆ, ಬೆರಳಿಟ್ಟು ಎಣಿಸಿ. ಬಾಲ ಕನಿಷ್ಠ 10 ಸೆಂ.ಮೀ. ಉಳಿದಿರಲಿ. ಅರ್ಧ ಕಟ್ಟಿದ ಗಂಟಿನಲ್ಲೇ ಹತ್ತಿದವರಲ್ಲಿ ವರ್ಷಗಟ್ಟಲೆ ಅನುಭವ ಇದ್ದವರೂ ಇದ್ದಾರೆ. ಕಾರಣ ಹೆಚ್ಚಾಗಿ ಒಂದೇ, ನಡುವೆ ಯಾರೋ ಮಾತಾಡಿಸಿರುತ್ತಾರೆ. ಗಂಟು ಕಟ್ಟುವವರನ್ನು ಮಾತಾಡಿಸಬೇಡಿ, ನೀವು ಕಟ್ಟುವಾಗ ಉತ್ತರಿಸಬೇಡಿ. ಬಿಲೇ ಕಡೆ, ಹಗ್ಗ ಸಾಧನದಲ್ಲಿ ಸರಿ ದಿಕ್ಕಿನಲ್ಲಿದೆಯೇ, ಕ್ಯಾರಬೀನರ್ ತಿರುಪು ಮುಚ್ಚಿದೆಯೇ ಎಂದು ಹಿಂಡಿ ನೋಡಿ. ಹಗ್ಗದ ಇನ್ನೊಂದು ತುದಿಗೆ ಗಂಟು ಇರಲೇಬೇಕು. ಇಲ್ಲದಿದ್ದರೆ ಹಗ್ಗ ಚಿಕ್ಕದಾದಾಗ ಇಳಿಸುತ್ತಿರುವಂತೆಯೇ ತುದಿ ಸಾಧನದಿಂದ ಜಾರಿಹೋಗುತ್ತದೆ.

ಕೂಗುವ ಮಾತುಗಳನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಕನ್ನಡದಲ್ಲೇ ಕೂಗುವುದಾದರೆ ಒಂದು ಎಚ್ಚರಿಕೆ: ಇಪ್ಪತ್ತು ಮೀಟರ್ ಮೇಲಿಂದ, ಗಾಳಿಯಲ್ಲಿ, "ಬಿಗಿ" ಮತ್ತು "ಬಿಡಿ" ಒಂದೇ ಥರ ಕೇಳುತ್ತವೆ. "ಎಳೀರಿ" ಮತ್ತು "ಇಳಿಸಿ"ಯ ಗತಿಯೂ ಅದೇ. "ಟೈಟ್", "ಸಡಿಲ", "ಇಳಿಸಿ" ಎಂದು ಮೂರೇ ಇಟ್ಟುಕೊಳ್ಳಿ, ಪ್ರತಿ ಸಲ ಮುಂದೆ ಹೆಸರು ಸೇರಿಸಿ. ಪಕ್ಕದ ಹಗ್ಗದವರ ಕೂಗನ್ನು ನಿಮ್ಮದೆಂದುಕೊಳ್ಳುವ ಗೊಂದಲ ತಪ್ಪುತ್ತದೆ. "ಕಲ್ಲು!" ಎಂಬ ಕೂಗು ಕೇಳಿದರೆ ಮೇಲೆ ನೋಡಬೇಡಿ, ಬಂಡೆಗೆ ಅಂಟಿಕೊಳ್ಳಿ.

ಎರಡನೇ ದಿನ ಬಹುಶಃ ರ‍್ಯಾಪೆಲಿಂಗ್ ಇರುತ್ತದೆ, ಹಗ್ಗದ ಮೇಲೆ ನೀವೇ ತಡೆಹಿಡಿದುಕೊಂಡು ಇಳಿಯುವುದು. ನೋಡಲು ಸುಲಭ, ಆದರೆ ಕ್ಲೈಂಬಿಂಗ್‌ಗಿಂತ ಇಲ್ಲಿ ತಪ್ಪಿಗೆ ಕ್ಷಮೆ ಕಡಿಮೆ, ಏಕೆಂದರೆ ಇಡೀ ಭಾರ ಒಂದೇ ಸಾಧನದ ಮೇಲೆ, ಹಿಡಿಯಲು ಕೆಳಗೆ ಬಿಲೇ ಮಾಡುವವರಿಲ್ಲ. "ನನಗೆ ಇನ್ನೊಂದು ಹಗ್ಗದಲ್ಲಿ ಬಿಲೇ ಇರುತ್ತದೆಯೇ?" ಎಂದು ಕೇಳಿ. ಇಲ್ಲ ಎಂದರೆ ಆ ಭಾಗ ಬಿಟ್ಟುಬಿಡಿ. ಸಡಿಲ ಅಂಗಿ, ದುಪಟ್ಟಾ, ಬಿಚ್ಚಿದ ಕೂದಲು ಸಾಧನದೊಳಗೆ ಎಳೆದುಕೊಂಡರೆ ನಡುಗಾಳಿಯಲ್ಲಿ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಹೊರಡುವ ಮುಂಚೆ ಆಯೋಜಕರಿಗೆ ಫೋನ್ ಮಾಡಿ. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ? ನಾಲ್ಕಾದರೆ ಚೆನ್ನ, ಆರು ದಾಟಿದರೆ ಒಬ್ಬರ ಕಣ್ಣು ಎಲ್ಲ ಹಗ್ಗಗಳ ಮೇಲೆ ಇರಲಾರದು. ಹೊಸಬರು ಬಿಲೇ ಮಾಡುವಾಗ ಹಿಂದೆ ಹಗ್ಗ ಯಾರು ಹಿಡಿಯುತ್ತಾರೆ? ಹಗ್ಗ, ಹಾರ್ನೆಸ್‌ಗಳಿಗೆ ಎಷ್ಟು ವರ್ಷ? ಬಳಸದೆ ಇಟ್ಟಿದ್ದರೂ ಹತ್ತು ವರ್ಷ ದಾಟಿದ ನೈಲಾನ್ ಸಾಮಗ್ರಿಯನ್ನು ಬಳಸಬೇಡಿ ಎನ್ನುತ್ತಾರೆ ಹೆಚ್ಚಿನ ತಯಾರಕರು. ಮಳೆ ಬಂದರೆ ಏನು ಮಾಡುತ್ತೀರಿ? ಒದ್ದೆ ಬಂಡೆ ಜಾರುತ್ತದೆ, ಮರಳುಗಲ್ಲಾದರೆ ನೆನೆದು ಬಲವನ್ನೇ ಕಳೆದುಕೊಂಡು ಹಿಡಿತಗಳು ಮುರಿದುಬರುತ್ತವೆ. ಬಂಡೆಯಲ್ಲಿ ಜೇನುಗೂಡು ಇದ್ದರೆ? "ಆ ದಿನ ಅಲ್ಲಿ ಹತ್ತಿಸುವುದಿಲ್ಲ" ಎಂಬುದೇ ಎರಡಕ್ಕೂ ಸರಿಯಾದ ಉತ್ತರ. ಇಂಥ ಪ್ರಶ್ನೆಗಳಿಗೆ ಬೇಸರಪಡುವ ಆಯೋಜಕರಿದ್ದರೆ ಬೇರೆಯವರನ್ನು ಹುಡುಕಿ.

ಕೊನೆಗೆ, ಯಜಮಾನರ ಹಗ್ಗ. ಎರಡು ದಿನದಲ್ಲಿ ನೀವಿಬ್ಬರೂ ಗಂಟು, ಬಿಲೇ, ಪರಸ್ಪರ ಪರೀಕ್ಷೆ ಕಲಿಯಬಹುದು. ಕಲಿಯಲಾಗದ್ದು ಆಂಕರ್ ಕಟ್ಟುವುದು. ಅದರಲ್ಲಿ ತಪ್ಪು ನಡೆದರೆ ಕೆಳಗೆ ಎಷ್ಟು ಚೆನ್ನಾಗಿ ಬಿಲೇ ಮಾಡಿದರೂ ಪ್ರಯೋಜನವಿಲ್ಲ. ಒಂದು ಉದಾಹರಣೆ ಸಾಕು. ಬಂಡೆಯಲ್ಲಿ ಕೊರೆದು ಕೂರಿಸಿದ ಎರಡು ಬೋಲ್ಟ್‌ಗಳಿಂದ ಎರಡು ಪಟ್ಟಿ ಇಳಿಸಿ ನಡುವೆ ಹಗ್ಗ ತೂಗಿಸಿದಾಗ ಭಾರ ಅರ್ಧರ್ಧ ಹಂಚಿಹೋಗುತ್ತದೆ ಎಂದೇ ಎಲ್ಲರೂ ಭಾವಿಸುತ್ತಾರೆ. ಪಟ್ಟಿಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಪ್ರತಿ ಬೋಲ್ಟ್‌ಗೆ ಭಾರದ ನೂರಕ್ಕೆ 58 ಬೀಳುತ್ತದೆ, 90 ಆದರೆ 71. ಕೋನ 120 ಡಿಗ್ರಿ ಆಯಿತೆಂದರೆ ಎರಡರ ಮೇಲೂ ಪೂರ್ತಿ ಭಾರ, ಹಂಚಿದ್ದೇ ಸುಳ್ಳು. ಬೋಲ್ಟ್ ತುಕ್ಕು ಹಿಡಿದಿದೆಯೇ, ಕಲ್ಲು ಪೊಳ್ಳೇ, ಹಗ್ಗ ಅಂಚಿಗೆ ಉಜ್ಜುತ್ತದೆಯೇ, ಇದನ್ನೆಲ್ಲ ಬಂಡೆಯ ಅಂಚಿನಲ್ಲಿ ನಿಂತು ನಿರ್ಧರಿಸಬೇಕು. ಅಲ್ಲಿ ಓಡಾಡುವಾಗ ಕಟ್ಟಿಕೊಳ್ಳದೆ ಬಿದ್ದವರೂ ಇದ್ದಾರೆ.

ಹಾಗಾದರೆ ಮುಂದೇನು? ಒಳಾಂಗಣ ಕ್ಲೈಂಬಿಂಗ್ ಗೋಡೆ ನಿಮಗೆ ಸಿಗುವಂತಿದ್ದರೆ ಅಲ್ಲಿ ಕೆಲವು ತಿಂಗಳು ಇಬ್ಬರೂ ಬಿಲೇ ಅಭ್ಯಾಸ ಮಾಡಿ. ಆಂಕರ್ ಅವರದೇ ಇರುತ್ತದೆ. ಅಲ್ಲಿ ಬಂಡೆಯ ಅಂದಾಜು ಮಾತ್ರ ಬರುವುದಿಲ್ಲ, ಬಣ್ಣದ ಹಿಡಿತ ಮುರಿಯುವುದೂ ಇಲ್ಲ, ಕಲ್ಲು ಬೀಳುವುದೂ ಇಲ್ಲ. ಅನುಭವಿ ಗೆಳೆಯರ ಗುಂಪಿನ ಜೊತೆ ಹೋಗಬಹುದು, ಆದರೆ ಹತ್ತು ವರ್ಷದಿಂದ ಹತ್ತುತ್ತಿರುವವರು ಹತ್ತು ವರ್ಷದಿಂದ ಒಂದೇ ತಪ್ಪು ಮಾಡುತ್ತಿರಲೂ ಸಾಧ್ಯ. ಅವರು ತಮ್ಮ ಗಂಟನ್ನು ನಿಮ್ಮಿಂದ ಪರೀಕ್ಷಿಸಿಕೊಳ್ಳುತ್ತಾರೆಯೇ ನೋಡಿ. ನನ್ನ ಶಿಫಾರಸು, ಇನ್ನೂ ಕೆಲವು ಸಲ ಮಾರ್ಗದರ್ಶಕರೊಂದಿಗೇ ಹೋಗಿ, ಆಮೇಲೆ ಆಂಕರ್ ಕಟ್ಟುವುದಕ್ಕೆಂದೇ ಇರುವ ಪ್ರತ್ಯೇಕ ತರಬೇತಿ ಪಡೆಯುವುದು. ಹಗ್ಗ ಕೊಳ್ಳುವುದು ಅದಾದ ಮೇಲೆ. ಈಗಲೇ ಏನಾದರೂ ಕೊಳ್ಳಲೇಬೇಕೆಂದರೆ ಶೂ ಕೊಳ್ಳಲಿ: ಅಡಿ ಚಪ್ಪಟೆ ಇರುವುದು, ಬೆರಳು ಮುಂದಕ್ಕೆ ತಾಗಿದರೂ ಮಡಚದಂಥದ್ದು, ಹಾಕಿಕೊಂಡು ಹತ್ತು ನಿಮಿಷ ನಿಂತರೂ ನೋಯದಂಥದ್ದು.